ಇತರ ಖರ್ಚು

ಎರಡನೆಯ ದಿನ, ಊಟದ ನಂತರ,
ವಿದ್ಯಾನಗರದ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ
ಪರದೆ ಎಳೆದ ಕತ್ತಲೆ, ಪಾಯಸದ ತೂಕಡಿಕೆ.
ಕಣ್ಣೂರಿನಿಂದ ಬಂದ ಶ್ರೀಜಯಾ ನಂಬ್ಯಾರ್ ಮೇಡಂ
ಕೆಂಪು ಬೆಳಕಿನ ಚುಕ್ಕೆಯನ್ನು ಗೋಡೆಗೆ ಚುಚ್ಚಿ ಹೇಳುತ್ತಾರೆ:
ಗೋಲ್ ಬೇರೆ, ಆಬ್ಜೆಕ್ಟಿವ್ ಬೇರೆ,
ಬೆರೆಸಿದಿರೋ, ಅರ್ಜಿ ಮೊದಲ ಜರಡಿಯಲ್ಲೇ ನಿಂತಿತು.

ಅವರದು ಮಲಯಾಳ, ಫಾರಮಿನದು ಇಂಗ್ಲಿಷು,
ನನ್ನ ಪುಸ್ತಕದ ಅಂಚಿನಲ್ಲಿ ಕನ್ನಡ.
ಗುರಿ ಎಂದು ಬರೆದೆ, ಉದ್ದೇಶ ಎಂದು ಬರೆದೆ,
ನಡುವೆ ಗೆರೆ ಎಳೆದು ಸುಮ್ಮನೆ ನೋಡಿದೆ.
ಐತೆ ಎರಡಕ್ಕೂ ಒಂದೇ ಮಾತು ಇಟ್ಟಿದ್ದಾಳೆ.
ಹೋದ ಸೋಣ ತಿಂಗಳು, ಪದವಿನ ಮೇಲೆ ಮೊಣಕಾಲೂರಿ
ಉಗುರಿನ ತುದಿಯಷ್ಟು ನೀಲಿ ಹೂ ಎಣಿಸುತ್ತಿದ್ದಾಗ
ಹುಲ್ಲಿನ ಕಟ್ಟು ಇಳಿಸಿ ಕೇಳಿದ್ದಳು:
"ಎಂತಕ್ಕೆ ಟೀಚರೇ?"
ಯಾವ ಪರಿಶೀಲಕರೂ ಅಷ್ಟು ಚಿಕ್ಕದಾಗಿ ಕೇಳಿಲ್ಲ.
ಉತ್ತರ ಇನ್ನೂ ಬಾಕಿ.

ಈಗ ಕಾಲಪಟ್ಟಿ. ಮೂವತ್ತಾರು ತಿಂಗಳು, ಮೂವತ್ತಾರು ಚೌಕ,
ಬಣ್ಣ ತುಂಬಿ ಎನ್ನುತ್ತಾರೆ, ಸ್ಕೆಚ್ ಪೆನ್ನು ಹಂಚಿ.
ಪಕ್ಕದಲ್ಲಿ ಭೌತಶಾಸ್ತ್ರದ ಮೂಸಾಕುಞಿ ಸರ್
ಒಂದನ್ನೂ ಬಿಡದೆ ಹಸಿರು ತುಂಬಿದರು.
ನನ್ನ ಗಿಡಗಳು ವರ್ಷಕ್ಕೆ ತೊಂಬತ್ತು ದಿನ ಬದುಕುತ್ತವೆ.
ಆಟಿಯಲ್ಲಿ ಕಲ್ಲಿನ ಗುಂಡಿಗೆ ನೀರು, ಸೋಣದಲ್ಲಿ ಹೂ,
ದೀಪಾವಳಿಗೆ ಹೋದರೆ ಬೆರಳಿಗೆ ಹತ್ತುವ ಕಂದು ಹುಡಿ.
ಹಣ ಬಿಡುಗಡೆಯಾಗುವುದು ಮಾರ್ಚಿನಲ್ಲಿ.
ಮಾರ್ಚಿನಲ್ಲಿ ಪದವು ಕಾದ ಕಾವಲಿ.

ಒಮ್ಮೆ ಬಂದಿತ್ತು, ಎಪ್ಪತ್ತೈದು ಸಾವಿರ, ಮಾರ್ಚ್ ಹತ್ತೊಂಬತ್ತಕ್ಕೆ.
ಮೂವತ್ತೊಂದರೊಳಗೆ ಮುಗಿಸಿ ಬಳಕೆ ಪ್ರಮಾಣಪತ್ರ ಕೊಡಬೇಕು.
ಪ್ರಿಂಟರ್ ತಂದೆ, ಭೂತಗನ್ನಡಿ ತಂದೆ, ಹಗ್ಗ, ಮೊಳೆ,
ಕುಂಬಳೆ ಪೇಟೆಯಿಂದ ನಾಲ್ಕು ದೊಡ್ಡ ಕೊಡೆ.
ಆಡಿಟಿನವರು ಉಳಿದದ್ದನ್ನೆಲ್ಲ ಬಿಟ್ಟು ಕೊಡೆ ಹಿಡಿದರು:
ಕೊಡೆ ಸಂಶೋಧನಾ ಉಪಕರಣ ಹೇಗಾಗುತ್ತದೆ? ವಿವರಣೆ ನೀಡಿ.
ಎರಡು ಪುಟ ಬರೆದೆ. ಮಳೆಯ ಬಗ್ಗೆ ನಾನು ಬರೆದದ್ದರಲ್ಲಿ
ಅಚ್ಚುಕಟ್ಟಾದದ್ದು ಅದೊಂದೇ.

ಮೇಡಂ ಸಿಬ್ಬಂದಿ ಎಂಬ ಕಾಲಮಿಗೆ ಬಂದರು.
ಫೆಲೋ ಆದರೆ ನೆಟ್ ಪಾಸಾಗಿರಬೇಕು, ಸಹಾಯಕರಿಗೆ ಡಿಗ್ರಿ.
ನಾನು ಆರು ಜಾತಿ ಎಂದಲ್ಲಿ ಹನ್ನೊಂದು ತೋರಿಸಿದವಳಿಗೆ,
ಕಾಕೆಪೂ ಬಿಡುವ ಗುಂಡಿಗೆ ಎಮ್ಮೆ ಯಾಕೆ ಬಾಯಿ ಹಾಕುವುದಿಲ್ಲ
ಎಂದು ಬಲ್ಲವಳಿಗೆ ಜಾಗ ಎಲ್ಲಿ, ಎಂದು ಕೈ ಎತ್ತಿದೆ.
"ಇತರ ಖರ್ಚಿನಲ್ಲಿ ಹಾಕಿ," ನಕ್ಕರು, ಒಳ್ಳೆಯವರೇ,
"ವೋಚರಿಗೆ ರೆವಿನ್ಯೂ ಸ್ಟಾಂಪು ಮರೆಯಬೇಡಿ."
ಕಳೆದ ಸಲ ಹಚ್ಚಿದ್ದೆ. ಅಡ್ಡಲಾಗಿ ಹೆಸರು ಬರೆದು
ಐತೆ ಕೇಳಿದ್ದಳು: ಸ್ಟಾಂಪು ಉಂಟಲ್ಲ,
ಈ ಕಾಗದ ಯಾರಿಗೆ ಹೋಗುದು?

ಕೊನೆಗೆ ಅಪಾಯಗಳು. ಮೂರು ಬರೆಯಿರಿ, ಪರಿಹಾರ ಸಹಿತ.
ಒಂದು, ಮಳೆ ತಡವಾಗಬಹುದು. ಎರಡು, ನಾನು ಜಾರಿ ಬೀಳಬಹುದು.
ಮೂರು, ಕಲ್ಲು ಕೊಯ್ಯುವ ಮಿಷನ್ ಈಗ ಇರುವುದು
ನನ್ನ ಹಗ್ಗದ ಚೌಕದಿಂದ ನೂರಿಪ್ಪತ್ತು ಹೆಜ್ಜೆ ದೂರದಲ್ಲಿ.
ಮೇಡಂ ಹೆಗಲ ಮೇಲಿಂದ ಓದಿ ಮೆಲ್ಲಗೆ ಅಂದರು:
ನಿಮ್ಮ ಕೈಯಲ್ಲಿ ಪರಿಹಾರ ಇರುವಂಥದ್ದನ್ನು ಮಾತ್ರ ಬರೆಯಿರಿ.
ಹೊಡೆದು ಹಾಕಿದೆ. ಆ ಗೆರೆ
ಮುಂದಿನ ಖಾಲಿ ಪುಟದಲ್ಲೂ ಮೂಡಿತ್ತು.

ಚಹಾ, ಪ್ರಮಾಣಪತ್ರ, ಗುಂಪು ಫೋಟೋ.
ಸೀತಾಂಗೋಳಿಯ ಬಸ್ಸಿನಲ್ಲಿ ಫೋನು: "ನೀರು ನಿಂತಿದೆ, ಟೀಚರೇ."

ಪದವಿನ ಆಚೆ ಮಿಷನ್ ನೀಲಿ ಟರ್ಪಾಲು ಹೊದ್ದು ಮಲಗಿದೆ.
ಅದಕ್ಕೂ ಮಳೆಗಾಲ.
ಈಚೆ ಐತೆ ಕೊಡೆ ಹಿಡಿದಿದ್ದಾಳೆ,
ಹಿಡಿಕೆಯಲ್ಲಿ ಬಿಳಿ ಪೈಂಟು: ದಾಸ್ತಾನು ಸಂಖ್ಯೆ ಇನ್ನೂರ ಹದಿನಾಲ್ಕು.
ನನ್ನ ತಲೆಗಲ್ಲ, ಅವಳ ತಲೆಗಲ್ಲ,
ಪುಸ್ತಕಕ್ಕೆ.
ಈ ಸಲ ಎಂತಕ್ಕೆ ಎಂದು ಕೇಳಲಿಲ್ಲ.
"ಹನ್ನೆರಡು," ಅಂದಳು, ಗಲ್ಲದಿಂದ ತೋರಿಸಿ,
"ಅದು ಬೇರೆ ಜಾತಿ. ಕಾಲು ಜಾಗ್ರತೆ."