ನಿಲ್ಲದ ಗಾಡಿ

ಅರಸೀಕೆರೆ ಸ್ಟೇಷನ್ನಿನ ಎದುರು, ಪಂಕ್ಚರ್ ಶಾಪಿನ ಪಕ್ಕ
ನನ್ನಂಗಡಿ: ಸಿಮ್ಮು, ಸ್ಕ್ರೀನ್‌ಗಾರ್ಡು,
ಬೋರ್ಡಿನ ಮೇಲೆ ಬರೆಯದ ಇನ್ನೊಂದು ಕಸುಬು,
ಇಪ್ಪತ್ತು ರೂಪಾಯಿಗೆ ಒಂದು ಸಿನಿಮಾ.

ತಿರುಮಲಕ್ಕ ಸೌತೆಕಾಯಿ ಬುಟ್ಟಿ ಇಳಿಸಿ ಕೇಳಿದಳು:
"ಹೋದ್ ವರ್ಷ ಇಲ್ ತೆಗುದ್ರಲ್ಲ, ಆ ಪಿಚ್ಚರ್ ಐತಾ?
ನಾನೂ ಇವ್ನಿ ಅದ್ರಲ್ಲಿ."

ಹುಡುಕಿದೆ. ಜರ್ಮನಿಯಲ್ಲಿದೆ, ಕೆನಡಾದಲ್ಲಿದೆ,
ಹೆಸರೇ ಕೇಳದ ದ್ವೀಪವೊಂದರಲ್ಲೂ ಇದೆ.
ನಮಗೆ ಮಾತ್ರ ಕಪ್ಪು ಪರದೆ:
ಈ ಚಿತ್ರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.
ಓದಿ ಹೇಳಿದೆ.
"ನಮ್ ಪ್ರದೇಶನೇ ಅಲ್ವೇನೋ ಅದ್ರಲ್ಲಿರೋದು?"

ಮೂರು ದಿನ ಬಿಟ್ಟು ಬಾ ಅಂದೆ.
ಕದ್ದೆ. ಬೇರೆ ಮಾತು ಯಾಕೆ.

ನಲವತ್ತೊಂದನೇ ನಿಮಿಷ. ಎರಡನೇ ಪ್ಲಾಟ್‌ಫಾರಂ, ಅದೇ ಬುಟ್ಟಿ.
ಅವಳು ತಲೆಯೆತ್ತುವ ಹೊತ್ತಿಗೆ ಸರಿಯಾಗಿ
ಬೆಟ್ಟಿಂಗ್ ಜಾಹೀರಾತಿನ ಹಳದಿ ಪಟ್ಟಿ
ಬಾಯ ಮೇಲೆ ಹರಿಯಿತು.
ಅದರ ಹಿಂದಿನಿಂದ ಯಾರದೋ ನಯವಾದ ದನಿ:
"ಆ ರೈಲು ಇಲ್ಲಿ ನಿಲ್ಲುವುದಿಲ್ಲ, ಸ್ವಾಮಿ."

"ಇದು ನನ್ ಗಂಟ್ಲಲ್ಲ.
ನಾ ಹೇಳಿದ್ ಎಲ್ಲೋಯ್ತು?"

ಕಳ್ಳ ನಾನೇ; ಆದರೆ ಅದನ್ನು ನಾನು ಕದ್ದಿರಲಿಲ್ಲ.
ದುಡ್ಡು ಬೇಡ ಅಂದೆ.
"ಸುಮ್ನೆ ತಗಳಕ್ಕೆ ನಾನೇನ್ ಕಳ್ಳಿಯಾ?"
ಗಾಜಿನ ಮೇಲೆ ಹತ್ತರ ಎರಡು ನೋಟು,
ಒದ್ದೆ, ಉಪ್ಪುಖಾರ ಮೆತ್ತಿದವು.

ಆಮೇಲೆ: "ಹಿಂದಕ್ ತಿರ್ಗ್ಸು. ಸದ್ದು ನಿಲ್ಸು."
ಪಟ್ಟಿ ಮತ್ತೆ ಬಂತು. ಬಾಯಿ ಕಾಣಲಿಲ್ಲ.
ಅವಳು ಸೆರಗು ಸರಿಮಾಡಿಕೊಂಡು
ಪಂಕ್ಚರ್ ಶಾಪಿನಾಚೆಗೂ ಕೇಳುವಂತೆ ಕೂಗಿದಳು:
"ಆ ಗಾಡಿ ಇಲ್ ನಿಲ್ಲಾಕಿಲ್ಲ ಕಣಪ್ಪೋ!"

ಚೀಲ ಹಿಡಿದು ಸ್ಟೇಷನ್ನಿಗೆ ಓಡುತ್ತಿದ್ದವನೊಬ್ಬ
ನಿಂತುಬಿಟ್ಟ.