ಒತ್ತು, ಹಿಡಿ, ಬಿಡು

ಪಾಲಿನಾಗ ನನಗ ಬಂದದ್ದು ಪಿಕಪ್ಪು,
ಶಹಾಬಾದಿನ ಫರ್ಸಿ ಹೊತ್ತು ಹೊತ್ತು ಕಮಾನು ಕುಂತದ್ದು.
ಹದಿನೆಂಟು ವರ್ಷ ಓಡಿಸಿದಾಂವ ಅಣ್ಣ, ಖಾಜಪ್ಪ.
ಅಂವಗ ಊರ ಹೊರಗಿನ ಎರಡು ಪ್ಲಾಟು.

ಬ್ರೇಕು ಒತ್ತಿದರ ಹಸಿ ಅರಳಿ ಚೀಲ ಮೆಟ್ಟಿದಂಗ.
"ಹವಾ ಹೊಕ್ಕದ," ಅಂದ.
ಕೋರ್ಟು ಮುಗಿದ ಮ್ಯಾಲ ಆಡಿದ ಮೊದಲ ಮಾತು.

ನಾ ಮ್ಯಾಲ, ಸೀಟಿನಾಗ.
ಅಂವ ಕೆಳಗ, ಗೋಣಿತಟ್ಟಿನ ಮ್ಯಾಲ ಅಂಗಾತ.
ಜಂಗು ಹಿಡಿದ ನಿಪ್ಪಲ್ಲಿಗೆ ಘಾಸಲೇಟು,
ಅದಕ್ಕ ಸಿಗಿಸಿದ್ದು ಸಲೈನಿನ ಪೈಪು:
ಅವ್ವಗ ಹಚ್ಚಿದ್ದು, ಇನ್ನಾ ಇಟ್ಟಾನ.

"ಒತ್ತು."
ಒತ್ತಿದೆ.
"ಹಿಡಿ."
ಗುಳ್ಳಿ ಗುಳ್ಳಿ ಹವಾ, ಕರೀ ಚಹಾದಂಥ ಆಯಿಲು
ಬಾಟ್ಲಿಯಾಗ ಬುಳು ಬುಳು.
"ಬಿಡು."

ನಾಕೂ ಗಾಲಿಗೆ ಮೂರೇ ಮಾತು.
ನಡುವೊಮ್ಮೆ ಕೆಮ್ಮಿದ.
ನಾ ಅದಕ್ಕೂ ಒತ್ತಿದೆ.

ಕಡೀಕ ಪೆಡಲ್ಲು ನಿಂತಿತು,
ಕಾಲ ಕೆಳಗ ಫರ್ಸಿ ಇದ್ದಂಗ.
"ಹಿಡಿ," ಅಂದ. ನಿಪ್ಪಲ್ ಬಿಗಿದ.
ಹೊರಗ ಜರಗಿ, ಪಾನಾ ಒರೆಸಿ,
"ಮತ್ತ ಮೆತ್ತಗಾದ್ರ ಹೇಳಿಕಳಸು,"
ಅಂದಾಂವ ಚಪ್ಪಲಿ ಮೆಟ್ಟಿ ನಡದೇಬಿಟ್ಟ.

ಬಿಡು ಅನ್ನಲೇ ಇಲ್ಲ.
ನಾ ಇನ್ನಾ
ಒತ್ತಿ ಹಿಡಿದೇ ಕುಂತೀನಿ.