ಎರಡೂವರೆ ಮಿಲಿಮೀಟರ್

ಬಂದರಿನ ನೆಲ್ಲಿಕಾಯಿ ರಸ್ತೆ, ಒಣಮೆಣಸಿನ ಮಂಡಿಯ ಮೇಲ್ಮಾಳಿಗೆ.
ಮದುವೆ, ಮುಂಜಿ, ಉತ್ತರಕ್ರಿಯೆ,
ಎಲ್ಲದಕ್ಕೂ ಕಾರ್ಡು ಮಾಡಿಕೊಡುತ್ತೇನೆ.
ಸೀನು ಬಂದರೆ ಕೆಳಗೆ ಗೋಣಿ ಇಳಿಸಿದರೆಂದು ಲೆಕ್ಕ.

ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ.
ಗುಂಡಿ ಒತ್ತಿದರೆ ನಾಲ್ಕು ನಿಮಿಷ
ಹೊಟ್ಟೆಯೊಳಗೇ ಹಲ್ಲು ಕಡಿದು
ಆಮೇಲೆ ಕಣ್ಣು ಬಿಡುತ್ತಿತ್ತು.
ಎಸ್‌ಎಸ್‌ಡಿ ಹಾಕಿ ಅಕ್ಕಾ, ಎಂದ
ಮೊಬೈಲ್ ರಿಪೇರಿಯ ಮುಶ್ರಫ್,
ಒಂದು ರಾತ್ರಿಯ ಕೆಲಸ.

ಮೂರಾಯಿತು.

ಮೊದಲನೆಯದು ನಕಲಿಗೇ ಹೋಯಿತು.
ಶೇಕಡಾ ತೊಂಬತ್ತೇಳರಲ್ಲಿ ನಿಂತದ್ದು ಬೆಳಗಾದರೂ ಅಲ್ಲೇ.
ಹಳೆಯ ಡಿಸ್ಕು ಎಲ್ಲೋ ಒಂದು ಕಡೆ ಸವೆದಿತ್ತು,
ಅಲ್ಲಿ ಯಾರ ಹೆಸರಿತ್ತೋ.
ಬಿಟ್ಟು ಮುಂದೆ ಹೋಗು ಎಂದು ಟಿಕ್ ಹಾಕಿದೆ.

ಮರುರಾತ್ರಿ ಹನ್ನೊಂದು ಸ್ಕ್ರೂ ಬಿಚ್ಚಿ
ಸ್ಟೀಲಿನ ತಟ್ಟೆಯಲ್ಲಿ ಸಾಲಾಗಿಟ್ಟು
ಹೊಸತನ್ನು ಒಳಗೆ ಕೂರಿಸಿದೆ.
ಕಪ್ಪು ಪರದೆ, ಬಿಳಿ ಅಕ್ಷರ: ಡಿಸ್ಕ್ ಇಲ್ಲ.
ಇಲ್ಲ ಎಂದರೆ ಎಂತ ಇಲ್ಲ?
ನಾನೇ ಇಟ್ಟದ್ದು, ಈಗ, ಈ ಕೈಯಲ್ಲಿ.

ಬಯೋಸ್ ಹೊಕ್ಕು ಒಂದೊಂದೇ ಬದಲಿಸಿದೆ,
ಒಂದೊಂದೇ ಮೊದಲಿನ ಹಾಗೆ ಮಾಡಿದೆ.
ಹೊರಗೆ ಯುಎಸ್‌ಬಿ ವಯರಿಗೆ ಸಿಕ್ಕಿಸಿದರೆ ಹೊಸತು ಉಂಟು,
ಒಳಗಿಟ್ಟರೆ ಇಲ್ಲ.
ಹಳೆಯದನ್ನು ಒಳಗಿಟ್ಟರೆ ಉಂಟು.
ಇದೂ ಸರಿ, ಅದೂ ಸರಿ, ತಪ್ಪು ಮಾತ್ರ ನಡುವೆ ಎಲ್ಲೋ,
ಪಾಲುಪಟ್ಟಿಯ ಜಗಳದ ಹಾಗೆ.

ಉಪ್ಪುಗಾಳಿ. ಇಲ್ಲಿ ಬೀಗದ ಕೈಗೂ ಹಸಿರು ಹಿಡಿಯುತ್ತದೆ.
ತಂಗಿಯ ಮಗಳ ಸ್ಟ್ರಾಬೆರಿ ವಾಸನೆಯ ರಬ್ಬರಿನಿಂದ
ಪಿನ್ನುಗಳನ್ನು ಉಜ್ಜಿದೆ.
ಕಂಡಿತು!
ಕೆಳಗೊಂದು ಲಾರಿ ಹೋಯಿತು, ಮೇಜು ಅಲುಗಿತು,
ಪುನಃ ಇಲ್ಲ.

ಲಾರಿಗೆ ಬೈದು ಮಲಗಿದವಳಿಗೆ
ಮಲಗಿದ ಮೇಲೆ ಹೊಳೆಯಿತು.
ಮೂರನೆಯ ರಾತ್ರಿ ಸ್ಕೇಲು ಹಿಡಿದೆ:
ಹಳೆಯದು ಒಂಬತ್ತೂವರೆ ಮಿಲಿಮೀಟರ್ ದಪ್ಪ,
ಹೊಸತು ಏಳು.
ಬಡಕಲು ಕೂಸು ದೊಡ್ಡವರ ಹಾಸಿಗೆಯಲ್ಲಿ ಜಾರಿ
ಪಿನ್ನಿಗೆ ಮುಟ್ಟಿಯೂ ಮುಟ್ಟದ ಹಾಗೆ ಮಲಗಿತ್ತು.

ಅಟ್ಟದಲ್ಲೊಂದು ಕಟ್ಟು ಉಂಟು, ಮುನ್ನೂರು ಕಾರ್ಡು,
ದಪ್ಪ ಕಾಗದ, ಚಿನ್ನದ ಅಂಚು,
ಚಿ॥ ನಿತೇಶ, ಚಿ॥ಸೌ॥ ಪ್ರಫುಲ್ಲ.
ಕೊಂಡುಹೋಗಲಿಕ್ಕೆ ಯಾರೂ ಬರಲಿಲ್ಲ.
ಒಮ್ಮೆ ಫೋನ್ ಮಾಡಿದ್ದೆ.
ಬೇಡ ಇನ್ನು, ಎಂದರು ಹುಡುಗಿಯ ಅಪ್ಪ,
ಬಾಕಿಯನ್ನು ಸಂಜೆಯೇ ಕಳಿಸಿದರು.
ಕಾರಣ ನಾನು ಕೇಳಲಿಲ್ಲ.

ಎರಡು ಕಾರ್ಡು ತೆಗೆದು
ಹೆಸರು ಒಳಮುಖವಾಗಿ ಮಡಚಿ
ಡಿಸ್ಕಿನ ಅಡಿಗೆ ಒತ್ತು ಕೊಟ್ಟೆ.
ಒಂದು ಸಾಲು ಮಾತ್ರ ಹೊರಗೆ ಉಳಿಯಿತು:
ಅಭಿಜಿನ್ ಲಗ್ನ ಸುಮುಹೂರ್ತದಲ್ಲಿ.

ಸ್ಕ್ರೂ ಬಿಗಿಯುವ ಮೊದಲೇ ಗುಂಡಿ ಒತ್ತಿದೆ.
ಹನ್ನೆರಡು ಸೆಕೆಂಡು. ಸದ್ದೇ ಇಲ್ಲ.
ಎದುರಿಗೆ ಪರದೆ ಬೆಳಗುತ್ತಿದ್ದರೂ
ಜೀವ ಉಂಟೋ ಎಂದು ಕಿವಿ ಇಟ್ಟು ನೋಡಿದೆ.

ಮರುದಿನ ಹತ್ತೂಕಾಲಿಗೆ ದೂಮಪ್ಪಣ್ಣ.
ಅಂಗಿಯ ಕಿಸೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ,
ಅವರ ಅಕ್ಕನದ್ದು.

ಇಷ್ಟು ವರ್ಷ ಆ ನಾಲ್ಕು ನಿಮಿಷ
ಎಂತ ಮಾಡುತ್ತಿದ್ದೆವು ಎಂದು ಆಗ ನೆನಪಾಯಿತು.
ಬಂದವರು ಸ್ಟೂಲು ಎಳೆದು ಕೂತು
ನಾನು ಕೇಳದೆಯೇ ಹೇಳುತ್ತಿದ್ದರು.
ಗ್ಯಾಸ್ ಬಂದ್ ಮಾಡು ಎಂದದ್ದೇ ಕೊನೆಯ ಮಾತಂತೆ.
ಬಂಗುಡೆಯ ತಲೆ ಬೇರೆ ಯಾರಿಗೂ ಬಿಡುತ್ತಿರಲಿಲ್ಲವಂತೆ;
ಅಷ್ಟು ಹೇಳಿ ನಕ್ಕವರಿಗೆ
ನಗು ನಿಲ್ಲಿಸುವುದು ಹೇಗೆಂದು ಗೊತ್ತಾಗುತ್ತಿರಲಿಲ್ಲ.
ಇದೆಲ್ಲ ಕಾರ್ಡಿನಲ್ಲಿ ಬರುವುದಿಲ್ಲ.
ಕಾರ್ಡಿನಲ್ಲಿ ತಾರೀಕು, ಸ್ಥಳ, ಊಟ.

ಈಗ ಕರ್ಸರು ಆಗಲೇ ಮಿಟುಕುತ್ತಿದೆ.
ದೂಮಪ್ಪಣ್ಣ ನಿಂತೇ ಇದ್ದಾರೆ, ಫೋಟೊ ಚಾಚಿ:
ಬೇಗ ಆಗ್ತದಾ ಮಾರಾಯ್ತಿ?

ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.
ಕೂತುಕೊಳ್ಳಿ, ಎಂದೆ,
ಇದು ಸ್ವಲ್ಪ ನಿಧಾನ.